118 ದಿನದ ಹೂದೋಟ: ಚಳಿನಾಡಿನ ಸಣ್ಣ ಜಮೀನಿನಲ್ಲಿ ಹೂವು ಬೆಳೆಯೋದು ಹೇಗೆ

ಬೀಜ ಕೊಳ್ಳುವ ಮೊದಲು ಎರಡು ತಾರೀಕು ಗೋಡೆ ಮೇಲೆ ಬರೆದುಕೊಳ್ಳಿ. ನಿಮ್ಮ ಜಾಗದಲ್ಲಿ ಕೊನೆಯ ಫ್ರಾಸ್ಟ್ ಯಾವಾಗ ಬೀಳುತ್ತದೆ, ಮತ್ತೆ ಮೊದಲ ಫ್ರಾಸ್ಟ್ ಯಾವಾಗ ಶುರುವಾಗುತ್ತದೆ. ಇಬ್ಬನಿ ಗಿಡದ ಮೇಲೇ ಹೆಪ್ಪುಗಟ್ಟಿ, ಬೆಳಗ್ಗೆ ನೋಡಿದರೆ ಯಾರೋ ಉಪ್ಪು ಎರಚಿ ಹೋದ ಹಾಗೆ ಇರುತ್ತದಲ್ಲ, ಅದು ಫ್ರಾಸ್ಟ್. ನಮ್ಮ ಮಲೆನಾಡಿನ ಸಾಗರ ಊರಿನ ಕಡೆ ಅದು ಬೀಳೋದೇ ಇಲ್ಲ, ಹಾಗಾಗಿ ಅದಕ್ಕೆ ಮನೆಮಾತೂ ಇಲ್ಲ.

ನಾನಿರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಉತ್ತರಕ್ಕೆ. ಅರ್ಧ ಎಕರೆ, ಊರಿನ ಲೆಕ್ಕದಲ್ಲಿ 20 ಗುಂಟೆ. ನನ್ನ ಎರಡು ತಾರೀಕು ಮೇ 25 ಮತ್ತು ಸೆಪ್ಟೆಂಬರ್ 20. ನಡುವೆ 118 ದಿನ. ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿದದ್ದುಂಟು. ಇಷ್ಟರಲ್ಲೇ ಹೂವು ಬೆಳೆದು, ಕೊಯ್ದು, ಶನಿವಾರದ ಸಂತೆಗೆ ಹಾಕಬೇಕು. ಶುರುವಿನಲ್ಲಿ ನಾನು ಚಳಿಯ ಜೊತೆ ಸುಮ್ನೆ ಗುದ್ದಾಡಿದೆ. ಈಗ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಗಿಡಕ್ಕೆ ಚಳಿ ಬೇಕಾ, ಚಳಿ ತಡೆಯುತ್ತದಾ, ಚಳಿಗೆ ಸಾಯುತ್ತದಾ? ಬಿತ್ತನೆ, ನಾಟಿ, ಕೊಯ್ಲು ಎಲ್ಲಾ ಅದರ ಮೇಲೆ ನಿಂತಿದೆ.

ಚಳಿ ಬೇಕೇ ಬೇಕು ಅನ್ನುವವು ಟುಲಿಪ್, ಡ್ಯಾಫೊಡಿಲ್, ಪಿಯೋನಿ, ಲೈಲಾಕ್. ತಕ್ಕಮಟ್ಟಿಗೆ ತಡೆಯುವವು ಸ್ನಾಪ್‌ಡ್ರಾಗನ್, ಲಾರ್ಕ್‌ಸ್ಪರ್, ಸ್ವೀಟ್ ಪೀ, ಸ್ಟಾಕ್. ಒಂದೇ ರಾತ್ರಿಗೆ ಕಪ್ಪಾಗಿ ಜೋತು ಬೀಳುವವು ಜೀನಿಯಾ, ಚೆಂಡು ಹೂವು, ಕೋಳಿಜುಟ್ಟು, ಡೇಲಿಯಾ. ಊರಿಂದ ಬಂದ ನಮಗೆ ಈ ಕೊನೆಯ ಗುಂಪಿನ ಮೇಲೇ ಕಣ್ಣು. ಆದರೆ ಮೊದಲ ಗುಂಪು ಸರಿಯಾಗಿ ಕೂತರೆ ವರ್ಷದ ಅರ್ಧ ಹೊಟ್ಟೆ ತುಂಬಿದ ಹಾಗೆ.

ಜಾಗ

ತಣ್ಣನೆ ಗಾಳಿ ನೀರಿದ್ದ ಹಾಗೆ. ರಾತ್ರಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೊಳೆ ಬದಿಯ ಮಣ್ಣು ಚೆನ್ನಾಗಿರುತ್ತದೆ ಅಂತ ಆಸೆಪಟ್ಟು ಅಲ್ಲೇ ಪಾತಿ ಮಾಡಿದರೆ, ಗುಡ್ಡದ ಮೇಲಿನವರಿಗಿಂತ ಮೊದಲು ಫ್ರಾಸ್ಟ್ ನಿಮಗೆ. ಮೇಲಾಗಿ ನೆರೆ. 2023ರ ಜುಲೈ 10-11ರಂದು ವರ್ಮಾಂಟ್‌ನಲ್ಲಿ ದೊಡ್ಡ ನೆರೆ ಬಂತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಕಿಗೆ, ಮತ್ತೆ ಬಂತು. ಹೊಳೆ ಬದಿಯ ಎಷ್ಟೋ ಜಮೀನುಗಳಲ್ಲಿ ಬೆಳೆ ಕೊಚ್ಚಿಹೋಯಿತು. ಹಾಗಾಗಿ ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿದ ಸಣ್ಣ ಇಳಿಜಾರು ಸಿಕ್ಕರೆ ಬಿಡಬೇಡಿ.

ಇಲ್ಲಿನ ಮಣ್ಣು ಬಹಳ ಕಡೆ ಹುಳಿ. ವರ್ಮಾಂಟ್ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಶನ್, ಅಂದರೆ ರೈತರಿಗೆ ಸಲಹೆ ಕೊಡುವ ವಿಭಾಗ, ಮಣ್ಣು ಪರೀಕ್ಷೆ ಮಾಡಿಕೊಡುತ್ತದೆ. ಅವರು ಹೇಳಿದಷ್ಟು ಸುಣ್ಣ ಹಾಕಿ, ಅಂದಾಜಿನಲ್ಲಿ ಸುರಿಯಬೇಡಿ. ಪಾತಿಗೆ ಕಾಂಪೋಸ್ಟ್ ಹಾಕಿ, ಡ್ರಿಪ್ ಎಳೆದು, ಮೇಲೆ ಗಿಡ ನೆಡಲು ತೂತು ಸುಟ್ಟ ಕಪ್ಪು ಪ್ಲಾಸ್ಟಿಕ್ ನೇಯ್ಗೆ ಬಟ್ಟೆ ಹಾಸಿದರೆ ಕಳೆ ಕೀಳುವ ಕೆಲಸ ಮುಕ್ಕಾಲು ಪಾಲು ಮುಗಿಯಿತು.

ಪಾಲಿಹೌಸ್, ಅಂದರೆ ಕಮಾನಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಮನೆ, ಬೇಕಾ ಅಂತ ಕೇಳಿದರೆ, ಮೊದಲ ವರ್ಷ ಬೇಡ. ಎರಡನೇ ವರ್ಷ ಖಂಡಿತ ಬೇಕು ಅನ್ನಿಸುತ್ತದೆ. ಬಿಸಿ ಮಾಡದ ಪಾಲಿಹೌಸ್ ಕೂಡ ಈ ಕಡೆ ಮೂರು ವಾರ, ಆ ಕಡೆ ಮೂರು ವಾರ ಕೊಡುತ್ತದೆ. ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ ಅನ್ನುವ ಮಣ್ಣು-ನೀರು ಸಂರಕ್ಷಣೆಯ ವಿಭಾಗ ಇದಕ್ಕೆ ಸಹಾಯಧನ ಕೊಡುತ್ತಾ ಬಂದಿದೆ, ವಿಚಾರಿಸಿ ನೋಡಿ. ಒಂದು ಮಾತು: ಹಿಮ ಬಿದ್ದಾಗ ರಾತ್ರಿಯಾದರೂ ಎದ್ದು ಹೋಗಿ ಪಕ್ಕಕ್ಕೆ ಸರಿಸಬೇಕು. ಒದ್ದೆ ಹಿಮದ ಭಾರಕ್ಕೆ ಕಬ್ಬಿಣದ ಕಮಾನೂ ಬಾಗುತ್ತದೆ.

ಹೊರಗೆ ಹಿಮ, ಒಳಗೆ ಸಸಿ

ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಇಲ್ಲಿ ಹಗಲು ಹತ್ತು ಗಂಟೆಗಿಂತ ಕಡಿಮೆ. ಏನೂ ಬೆಳೆಯುವುದಿಲ್ಲ. ನಿದ್ದೆ ಮಾಡಿ, ಬೀಜ ತರಿಸಿ.

ಮಾರ್ಚ್ ಮೊದಲ ವಾರ ಸ್ನಾಪ್‌ಡ್ರಾಗನ್ ಬಿತ್ತುತ್ತೇನೆ. ಅದರ ಬೀಜ ನೋಡಿದರೆ ರಾಗಿ ಕಾಳು ಬೆಟ್ಟದಷ್ಟು ಕಾಣುತ್ತದೆ. ಪುಡಿ, ಬರೀ ಪುಡಿ. ಹಲ್ಲುಕಡ್ಡಿಯ ತುದಿ ಒದ್ದೆ ಮಾಡಿ ಒಂದೊಂದೇ ಎತ್ತಿ ಪ್ರೋಟ್ರೇ ಗುಂಡಿಯಲ್ಲಿ ಇಡಬೇಕು. ಮೇಲೆ ಮಣ್ಣು ಮುಚ್ಚಬಾರದು, ಅದಕ್ಕೆ ಮೊಳೆಯಲು ಬೆಳಕು ಬೇಕು. ನೀರು ಮೇಲಿಂದ ಹಾಕಿದರೆ ಬೀಜ ತೇಲಿಹೋಗುತ್ತದೆ, ಟ್ರೇಯ ಕೆಳಗಿನ ತಟ್ಟೆಗೆ ಹಾಕಿ. ಇಂಥ ಟ್ರೇಗಳಿಗೆ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಒಂದು ರ್‍ಯಾಕ್ ಇದೆ. ಗ್ಯಾರೇಜಿಗೆ ಹಾಕುವ ಸಾಮಾನ್ಯ ಎಲ್‌ಇಡಿ ದೀಪ ಸಾಕು, ದುಬಾರಿ ನೇರಳೆ ದೀಪ ಬೇಡ. ಸಸಿಯಿಂದ 5-8 ಸೆಂಟಿಮೀಟರ್ ಮೇಲೆ ಕಟ್ಟಿ, ದಿನಕ್ಕೆ 14-16 ಗಂಟೆ ಉರಿಸಿ. ದೀಪ ಮೇಲಿದ್ದರೆ ಸಸಿ ಅದನ್ನು ಹುಡುಕಿಕೊಂಡು ಸಣಕಲಾಗಿ ಬೆಳೆದು ಬಗ್ಗಿಬಿಡುತ್ತದೆ.

ಲಿಸಿಯಾಂಥಸ್ ಅಂತ ಒಂದಿದೆ, ಗುಲಾಬಿಯ ತಂಗಿ ಹಾಗೆ ಕಾಣುವ ಹೂವು. ಸಸಿಯಾಗಲು ಮೂರು ತಿಂಗಳು ಬೇಕು, ಆಮೇಲೂ ಅದು ಒಂದು ಉಗುರಿನಷ್ಟೇ ಇರುತ್ತದೆ. ಬಿತ್ತಬೇಡಿ. ಬೇರು ಬಿಟ್ಟ ಸಸಿ ಟ್ರೇಗಟ್ಟಲೆ ಸಿಗುತ್ತದೆ, ದುಡ್ಡು ಕೊಟ್ಟು ತರಿಸಿ. ನಾನು ಎರಡು ವರ್ಷ ಹಟ ಮಾಡಿ ಎರಡೂ ವರ್ಷ ಸೋತೆ.

ಜೀನಿಯಾ, ಕಾಸ್ಮಾಸ್, ಕೋಳಿಜುಟ್ಟು ಬಿತ್ತಲು ಅವಸರ ಬೇಡ, ಕೊನೆಯ ಫ್ರಾಸ್ಟ್‌ಗೆ ನಾಲ್ಕು ವಾರ ಮೊದಲು ಸಾಕು. ಮಾರ್ಚಿನಲ್ಲೇ ಬಿತ್ತಿದರೆ ಮೇ ಹೊತ್ತಿಗೆ ಬೇರು ಸುತ್ತಿಕೊಂಡ ಮುದಿ ಸಸಿ ಕೈಲಿರುತ್ತದೆ. ಅದಕ್ಕಿಂತ ಜೂನ್‌ನಲ್ಲಿ ನೇರ ನೆಲಕ್ಕೆ ಹಾಕಿದ ಬೀಜವೇ ಮುಂದೆ ಹೋಗುತ್ತದೆ.

ಸ್ನಾಪ್‌ಡ್ರಾಗನ್ ಮೇ ಮೊದಲ ವಾರವೇ ಹೊರಗೆ ಹೋಗಬಹುದು. ಆದರೆ ಒಮ್ಮೆಲೇ ಅಲ್ಲ. ಒಂದು ವಾರ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿಲು ಗಾಳಿ ತೋರಿಸಿ. ನಾಟಿಯಾದ ಮೇಲೆ ತಂತಿ ಕಮಾನಿನ ಮೇಲೆ ತೆಳು ಬಿಳಿ ಹೊದಿಕೆ ಎಳೆದುಬಿಡಿ. ಅದು ಎರಡು ಮೂರು ಡಿಗ್ರಿ ಕಾಪಾಡುತ್ತದೆ. ಉಳಿದ ಬಿಸಿಲಿನ ಗಿಡಗಳಿಗೆ ಇಲ್ಲಿನ ಹಿರಿಯರ ಲೆಕ್ಕ ಮೆಮೋರಿಯಲ್ ಡೇ, ಅಂದರೆ ಮೇ ತಿಂಗಳ ಕೊನೆಯ ಸೋಮವಾರ. ಅದಕ್ಕೂ ಮೊದಲು ಮುಟ್ಟಬೇಡಿ ಅನ್ನುತ್ತಾರೆ. ನಾನು ಕೇಳಲಿಲ್ಲ. 2023ರಲ್ಲಿ ಮೇ ಎರಡನೇ ವಾರ ಬೇಸಿಗೆ ಬಂದೇಬಿಟ್ಟಿತು ಅನ್ನುವ ಹಾಗಿತ್ತು, ಮುನ್ನೂರು ಜೀನಿಯಾ ನೆಟ್ಟೆ. ಮೇ 18ರ ಬೆಳಗ್ಗೆ ಇಡೀ ರಾಜ್ಯದ ಸೇಬು ತೋಟ, ದ್ರಾಕ್ಷಿ ತೋಟಗಳನ್ನೇ ಸುಟ್ಟುಹಾಕಿದ ಚಳಿ ಬಂತು, ನನ್ನ ಜೀನಿಯಾ ಯಾವ ಲೆಕ್ಕ. ಬೇಯಿಸಿದ ಸೊಪ್ಪಿನ ಹಾಗೆ ಬಿದ್ದಿದ್ದವು.

ಟುಲಿಪ್ ಮತ್ತು ಪಿಯೋನಿ: ಚಳಿಯೇ ಗೊಬ್ಬರ

ಟುಲಿಪ್ ಗೆಡ್ಡೆಗೆ 12ರಿಂದ 16 ವಾರ ಚಳಿ ಸಿಗದಿದ್ದರೆ ದಂಟು ಏಳುವುದಿಲ್ಲ. ನಮಗೆ ಅದು ಪುಕ್ಕಟೆ. ಅಕ್ಟೋಬರ್ ಕೊನೆಗೆ 15-20 ಸೆಂಟಿಮೀಟರ್ ಆಳದ ಚರಂಡಿ ತೋಡಿ, ಟ್ರೇಯಲ್ಲಿ ಮೊಟ್ಟೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಗೆಡ್ಡೆ ಕೂರಿಸಿ ಮುಚ್ಚಿ. ಇಷ್ಟು ಒತ್ತಾಗಿ ಯಾಕೆ ಅಂದರೆ, ಇವು ಒಂದೇ ವರ್ಷದ ಬೆಳೆ. ಕೊಯ್ಯುವಾಗ ಕತ್ತರಿಸಬೇಡಿ, ಗೆಡ್ಡೆ ಸಮೇತ ಕೀಳಿ. ಮೊಗ್ಗಿಗೆ ಬಣ್ಣ ಹತ್ತಿ ಇನ್ನೂ ಬಿಗಿಯಾಗಿರುವಾಗ ಕಿತ್ತು, ಗೆಡ್ಡೆ ಬಿಡದೆ ಕೋಲ್ಡ್ ರೂಮಿನಲ್ಲಿ ನೀರಿಲ್ಲದೆ ಇಟ್ಟರೆ ಎರಡು ವಾರಕ್ಕೂ ಜಾಸ್ತಿ ತಡೆಯುತ್ತದೆ. ಮೇ ತಿಂಗಳ ಎರಡನೇ ಭಾನುವಾರ ಇಲ್ಲಿ ತಾಯಂದಿರ ದಿನ, ಆ ವಾರ ಎಷ್ಟಿದ್ದರೂ ಸಾಲದು.

ಜಿಂಕೆಗೂ ಇಲಿಗೂ ಟುಲಿಪ್ ಅಂದರೆ ಪ್ರಾಣ. ಬೇಲಿ ಇಲ್ಲದಿದ್ದರೆ ಡ್ಯಾಫೊಡಿಲ್ ಹಾಕಿ, ಅದು ವಿಷ, ಯಾರೂ ಮುಟ್ಟುವುದಿಲ್ಲ. ಕೊಯ್ದ ಡ್ಯಾಫೊಡಿಲ್‌ನ ಲೋಳೆ ಬೇರೆ ಹೂವನ್ನೂ ಕೆಡಿಸುತ್ತದೆ, ಕೆಲವು ಗಂಟೆ ಬೇರೆ ಬಕೆಟ್ಟಿನಲ್ಲೇ ಇಡಿ.

ಪಿಯೋನಿಗೆ ತಾಳ್ಮೆ ಬೇಕು. ಸೆಪ್ಟೆಂಬರ್‌ನಲ್ಲಿ ಬೇರು ನೆಡಬೇಕು, ಅದರ ಕೆಂಪು ಕಣ್ಣುಗಳು, ಅಂದರೆ ಮೊಳಕೆ ಏಳುವ ಉಬ್ಬುಗಳು, ಮಣ್ಣಿನಿಂದ 5 ಸೆಂಟಿಮೀಟರ್‌ಗಿಂತ ಕೆಳಗೆ ಹೋಗಬಾರದು. ಆಳ ಜಾಸ್ತಿಯಾದರೆ ಎಲೆ ಚೆನ್ನಾಗಿ ಬರುತ್ತದೆ, ಹೂವು ಬರುವುದಿಲ್ಲ. ಮೊದಲ ಎರಡು ವರ್ಷ ಒಂದು ಹೂವನ್ನೂ ಕೊಯ್ಯಬೇಡಿ. ಮೂರನೇ ವರ್ಷದಿಂದ ಗಿಡಕ್ಕೆ ಮೂರರಲ್ಲಿ ಒಂದು ಪಾಲು. ಹಾಗೆ ನೋಡಿಕೊಂಡರೆ ನಿಮ್ಮ ಮೊಮ್ಮಕ್ಕಳೂ ಕೊಯ್ಯಬಹುದು. ನನ್ನಲ್ಲಿರುವುದು ಸಾರಾ ಬರ್ನಾರ್ಡ್, ಫ್ರಾನ್ಸಿನ ಲೆಮ್ವಾನ್ ನರ್ಸರಿ 1906ರಲ್ಲಿ ತಂದ ತಳಿ. ಇವತ್ತಿಗೂ ಸಂತೆಯಲ್ಲಿ ಮೊದಲು ಖಾಲಿಯಾಗುವುದು ಅದೇ.

ಯಾವಾಗ ಕೊಯ್ಯಬೇಕು ಅನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಅಂಗಡಿಯಲ್ಲಿ ಚಿಕ್ಕು ಆರಿಸುವಾಗ ಮೆಲ್ಲಗೆ ಒತ್ತಿ ನೋಡುತ್ತೇವಲ್ಲ, ಹಾಗೇ ಮೊಗ್ಗಿನ ನೆತ್ತಿಯನ್ನು ಎರಡು ಬೆರಳಲ್ಲಿ ಒತ್ತಿ. ಕಲ್ಲಿನ ಹಾಗಿದ್ದರೆ ಬಿಡಿ, ಅದು ಹೂದಾನಿಯಲ್ಲಿ ಅರಳುವುದೇ ಇಲ್ಲ. ಹಣ್ಣಾದ ಚಿಕ್ಕುವಿನಷ್ಟು ಮೆತ್ತಗಾಗಿ, ಒತ್ತಿದ್ದು ತುಸು ಒಳಗೆ ಹೋದರೆ, ಆಗಲೇ ಕತ್ತರಿಸಿ. ಬಿಸಿಲಿನ ದಿನ ಬೆಳಗ್ಗೆ ಕಲ್ಲಾಗಿದ್ದದ್ದು ಸಂಜೆಗೆ ಚಿಕ್ಕು ಆಗಿರುತ್ತದೆ, ಹಾಗಾಗಿ ಜೂನ್ ಮಧ್ಯದ ಆ ಹತ್ತು ದಿನ ನಾನು ದಿನಕ್ಕೆ ಎರಡು ಸಲ ಸಾಲು ಸುತ್ತುತ್ತೇನೆ. ಎಲೆ ಬಿಡಿಸಿ, ಪೇಪರಿನಲ್ಲಿ ಸುತ್ತಿ, 1 ಡಿಗ್ರಿಯಲ್ಲಿ ಒಣಗೇ ಮಲಗಿಸಿಟ್ಟರೆ ಮೂರು ನಾಲ್ಕು ವಾರ ಬಾಳುತ್ತದೆ. ಅದೇ ಫ್ರಿಜ್ಜಿನಲ್ಲಿ ಸೇಬು ಇಡಬೇಡಿ, ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಕೆಡುತ್ತದೆ. ಮೊಗ್ಗಿನ ಮೇಲೆ ಇರುವೆ ಓಡಾಡಿದರೆ ಔಷಧಿ ಹೊಡೆಯಬೇಡಿ, ಅವು ಸಿಹಿ ನೆಕ್ಕಲು ಬಂದಿವೆ ಅಷ್ಟೇ.

ಕೋಲ್ಡ್ ರೂಮ್ ಅಂದರೆ ಹೆದರಬೇಡಿ. ಹಳೇ ಕಿಟಕಿ ಎಸಿಗೆ ಕೂಲ್‌ಬಾಟ್ ಅನ್ನುವ ಸಣ್ಣ ಪೆಟ್ಟಿಗೆ ಜೋಡಿಸಿ, ಚೆನ್ನಾಗಿ ಥರ್ಮೋಕೋಲ್ ಹೊಡೆದ ಒಂದು ಕೋಣೆ ಮಾಡಿಕೊಂಡರೆ 2-3 ಡಿಗ್ರಿಗೆ ಇಳಿಯುತ್ತದೆ. 1 ಡಿಗ್ರಿ ಬೇಕಾದ ಪಿಯೋನಿಗೆ ಮಾತ್ರ ನಾನು ಬೇರೆ ಹಳೇ ಫ್ರಿಜ್ ಇಟ್ಟಿದ್ದೇನೆ.

ಇನ್ನೊಂದು ಊರಿನವರಿಗೆ ನಂಬಿಕೆ ಬರದ ವಿಷಯ: ಚಳಿಗಾಲದಲ್ಲಿ ಹಿಮ ಜಾಸ್ತಿ ಬಿದ್ದಷ್ಟೂ ಗಿಡಕ್ಕೆ ಒಳ್ಳೆಯದು. ಅದು ಕಂಬಳಿ. ಹಿಮವಿಲ್ಲದೆ ಬರೀ ಚಳಿ ಬಿದ್ದ ವರ್ಷವೇ ಬೇರು ಸಾಯುವುದು, ನೆಲ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿ ಎಳೆ ಗಿಡವನ್ನು ಬೇರು ಸಮೇತ ಮೇಲಕ್ಕೆ ತಳ್ಳುವುದು.

ಬೇಸಿಗೆ

ಬೇಸಿಗೆ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಸೂರ್ಯಕಾಂತಿಯನ್ನು ಹತ್ತು ದಿನಕ್ಕೊಂದು ಸಲ ಬಿತ್ತಿ, ಒಂದೇ ದಂಟಿಗೆ ಒಂದೇ ಹೂ ಕೊಡುವ ಪ್ರೋಕಟ್ ತಳಿ, 15 ಸೆಂಟಿಮೀಟರ್ ಅಂತರ. ಅಂತರ ಜಾಸ್ತಿ ಕೊಟ್ಟರೆ ಹೂವು ಊಟದ ತಟ್ಟೆಯಷ್ಟಾಗುತ್ತದೆ, ಹೂಗುಚ್ಛಕ್ಕೆ ಬರುವುದಿಲ್ಲ. 50-60 ದಿನಕ್ಕೆ ಬರುವುದರಿಂದ ನನ್ನ ಕೊನೆಯ ಬಿತ್ತನೆ ಜುಲೈ 10. ಹೊರಗಿನ ಎಸಳು ಒಂದೆರಡು ಎದ್ದ ಕೂಡಲೇ ಕೊಯ್ಯಿ, ಪೂರ್ತಿ ಅರಳಿದ್ದು ಸಂತೆಗೆ ಹೋಗುವಷ್ಟರಲ್ಲಿ ಹಳತು.

ಸ್ನಾಪ್‌ಡ್ರಾಗನ್ ಕೆಳಗಿನ ಮೂರನೇ ಒಂದು ಪಾಲು ಅರಳಿದಾಗ. ಜೀನಿಯಾಗೆ ಬೇರೆ ಪರೀಕ್ಷೆ: ಹೂವಿನಿಂದ ಒಂದು ಗೇಣು ಕೆಳಗೆ ಹಿಡಿದು ಅಲ್ಲಾಡಿಸಿ. ಕುತ್ತಿಗೆ ತೊನೆದಾಡಿದರೆ ಎಳಸು, ಕೋಲಿನ ಹಾಗೆ ನೆಟ್ಟಗಿದ್ದರೆ ಸರಿ. ಜೀನಿಯಾವನ್ನು ಕೋಲ್ಡ್ ರೂಮಿಗೆ ಹಾಕಲೇಬೇಡಿ, ಕೊಯ್ದ ಮೇಲೂ ಅದಕ್ಕೆ ಚಳಿ ಅಂದರೆ ಆಗುವುದಿಲ್ಲ. ಕೊಯ್ಲು ಯಾವತ್ತೂ ಬೆಳಗ್ಗೆ, ಬಿಸಿಲೇರುವ ಮೊದಲು. ಬಕೆಟ್ ನಿಮ್ಮ ಮನೆ ಲೋಟದಷ್ಟು ಶುಭ್ರವಾಗಿರಲಿ. ಆ ಬಕೆಟ್ಟಿನಲ್ಲಿ ನೀವು ನೀರು ಕುಡಿಯುತ್ತೀರಾ ಅಂತ ಕೇಳಿಕೊಳ್ಳಿ, ಇಲ್ಲ ಅಂದರೆ ತೊಳೆಯಿರಿ.

ಡೇರೆ ಹೂವು

ಇಷ್ಟೆಲ್ಲಾ ಹೇಳಿದ್ದು ಇದಕ್ಕೆ ಬರಲಿಕ್ಕೆ. ಇಲ್ಲಿನವರ ಡೇಲಿಯಾ ನಮ್ಮ ಮಲೆನಾಡಿನ ಡೇರೆ. ಮಳೆಗಾಲ ಬಂತೆಂದರೆ ನಮ್ಮ ಕಡೆ ಹೆಂಗಸರ ನಡುವೆ ಡೇರೆ ಗೆಡ್ಡೆಯ ವ್ಯಾಪಾರ ನಡೆಯುತ್ತದೆ, ದುಡ್ಡಿಲ್ಲದ ವ್ಯಾಪಾರ. 'ನಿಂದು ಆ ಬಿಳಿ ಅಂಚಿನ ಕೆಂಪು ಕೊಡು, ನಂದು ಹಳದಿ ತಗೋ.' ಆ ಆಸೆಗೆ ಊರಿಂದ ಸೂಟ್‌ಕೇಸಿನಲ್ಲಿ ಗೆಡ್ಡೆ ಮಾತ್ರ ತರಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಡೇಲಿಯಾದ ತವರು ಮೆಕ್ಸಿಕೋದ ಎತ್ತರದ ನಾಡು. ಹಗಲು ಹದ ಬಿಸಿಲು, ರಾತ್ರಿ ತಂಪು ಇದ್ದರೆ ಅದಕ್ಕೆ ಹಬ್ಬ. ಅದಕ್ಕೇ ಮಲೆನಾಡಿನ ಶ್ರಾವಣದಲ್ಲೂ, ಇಲ್ಲಿನ ಆಗಸ್ಟ್ ಕೊನೆಯಲ್ಲೂ ಅದು ಮೈದುಂಬುತ್ತದೆ. ಆದರೆ ಗೆಡ್ಡೆ ಹೆಪ್ಪುಗಟ್ಟಿದರೆ ಸತ್ತಿತು. ನೆಡುವುದು ಮೇ ಕೊನೆಗೆ, ಮಣ್ಣು 15 ಡಿಗ್ರಿ ಆದಮೇಲೆ. 10-15 ಸೆಂಟಿಮೀಟರ್ ಆಳ, 45 ಸೆಂಟಿಮೀಟರ್ ಅಂತರ. ಮೊಳಕೆ ಮೇಲೆ ಕಾಣುವವರೆಗೂ ನೀರು ಹಾಕಬೇಡಿ, ಕೊಳೆಯುತ್ತದೆ. ಗಿಡ ಮೂರು ನಾಲ್ಕು ಜೋಡಿ ಎಲೆ ಬಿಟ್ಟಾಗ ಕುಡಿ ಚಿವುಟಿ. ಕರುಳು ಚುರ್ ಅನ್ನುತ್ತದೆ, ಆದರೂ ಚಿವುಟಿ, ಆಗಲೇ ಪಕ್ಕದ ಕವಲು ಒಡೆದು ಉದ್ದ ದಂಟು ಬರುವುದು. ಸಾಲಿನ ಎರಡೂ ಕಡೆ ಗೂಟ ಹೊಡೆದು ಹುರಿ ಎಳೆದಿಡಿ, ಗಾಳಿಮಳೆಗೆ ಮಲಗಿದ ಗಿಡ ಮತ್ತೆ ಏಳುವುದಿಲ್ಲ. ಜುಲೈನಲ್ಲಿ ಜಪಾನಿ ದುಂಬಿ ಬರುತ್ತದೆ, ಬೆಳಗ್ಗೆ ಅವು ಮಂಕಾಗಿರುವಾಗ ಸೋಪು ನೀರಿನ ಡಬ್ಬಕ್ಕೆ ತಟ್ಟಿ ಬೀಳಿಸಿ.

ಹೂವು ಮುಕ್ಕಾಲು ಅರಳಿದ ಮೇಲೇ ಕೊಯ್ಯಬೇಕು, ಆಮೇಲೆ ಅರಳುವುದಿಲ್ಲ. ತಳಿ ಆರಿಸುವಾಗ ಚಿತ್ರಕ್ಕೆ ಮರುಳಾಗಬೇಡಿ. ಕೆಫೆ ಓ ಲೇ ಅಂತ ಒಂದಿದೆ, ಮದುವೆಯವರೆಲ್ಲಾ ಅದನ್ನೇ ಕೇಳುತ್ತಾರೆ, ತಟ್ಟೆಯಷ್ಟು ಅಗಲ, ಕಾಫಿ ಬಣ್ಣ. ಎರಡು ಮೂರು ದಿನಕ್ಕೆ ಎಸಳು ಕಂದುತ್ತದೆ. ಚೆಂಡಿನಾಕಾರದ ಕಾರ್ನೆಲ್‌ನಂಥವು ಗಟ್ಟಿ, ಸಂತೆಗೆ ಅವೇ ಸೈ.

ಹೇಗೂ ಸಂತೆ ಮಾತು ಬಂತು, ನಮ್ಮವರ ಬೇಡಿಕೆಯನ್ನೂ ಹೇಳಿಬಿಡುತ್ತೇನೆ. ಬಾಸ್ಟನ್ ಕಡೆಯ ಕನ್ನಡದವರು ಆಯುಧಪೂಜೆಗೆ ಚೆಂಡು ಹೂವು ಕೇಳುತ್ತಾರೆ. ಆ ಹೊತ್ತಿಗೆ ಹೊರಗಿನ ಗಿಡ ಫ್ರಾಸ್ಟ್‌ಗೆ ಹೋಗಿರುತ್ತದೆ. ಜೂನ್ 20ರ ಹೊತ್ತಿಗೆ ಬಿತ್ತಿ, ಜುಲೈ ಮಧ್ಯಕ್ಕೆ ಪಾಲಿಹೌಸ್ ಒಳಗೆ ನೆಟ್ಟು, ಸೆಪ್ಟೆಂಬರ್ ರಾತ್ರಿಗಳಲ್ಲಿ ಒಳಗೂ ಒಂದು ಬಿಳಿ ಹೊದಿಕೆ ಹಾಕಿದರೆ ದಸರಾಕ್ಕೆ ಸಿಗುತ್ತದೆ. ದೀಪಾವಳಿಗೆ ಮಾತ್ರ ಮಾತು ಕೊಡಬೇಡಿ.

ಮೊದಲ ಫ್ರಾಸ್ಟ್ ಆದಮೇಲೆ

ಸೆಪ್ಟೆಂಬರ್‌ನಲ್ಲಿ ಮೋಡ ಇದ್ದ ರಾತ್ರಿ ನಿಶ್ಚಿಂತೆಯಾಗಿ ಮಲಗಿ. ಆಕಾಶ ತಿಳಿಯಾಗಿ, ಗಾಳಿ ನಿಂತು, ನಕ್ಷತ್ರ ಚೆಂದ ಕಾಣುವ ರಾತ್ರಿಯೇ ಅಪಾಯ. ಸಂಜೆಯೇ ಹೊದಿಕೆ ಎಳೆಯಿರಿ, ಕೊಯ್ಯಬಹುದಾದ್ದೆಲ್ಲಾ ಕೊಯ್ಯಿರಿ. ಆ ಒಂದು ರಾತ್ರಿ ದಾಟಿದರೆ ಮುಂದೆ ಎರಡು ವಾರ ಹಿತವಾದ ಬಿಸಿಲು ಸಿಗುವುದೂ ಉಂಟು.

ಡೇಲಿಯಾ ಕಪ್ಪಾದ ಒಂದು ವಾರಕ್ಕೆ ಗಿಡವನ್ನು 10 ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ದೂರದಿಂದ ಸಲಿಕೆ ಹಾಕಿ ಗೆಡ್ಡೆಯ ಗೊಂಚಲನ್ನು ಎತ್ತಿ. ದಂಟು ಹಿಡಿದು ಎಳೆಯಬೇಡಿ, ಕುತ್ತಿಗೆ ಮುರಿಯುತ್ತದೆ. ಆಲೂಗೆಡ್ಡೆಗೆ ಮೈಯೆಲ್ಲಾ ಕಣ್ಣು. ಡೇರೆಗೆ ದಂಟು ಸೇರುವ ನೆತ್ತಿಯಲ್ಲಿ ಮಾತ್ರ, ಸಾಸಿವೆಯಷ್ಟು ಉಬ್ಬು. ಪಾಲು ಮಾಡುವಾಗ ಪ್ರತಿ ತುಂಡಿಗೂ ಗೆಡ್ಡೆ, ಮುರಿಯದ ಕುತ್ತಿಗೆ, ಕಣ್ಣಿರುವ ಒಂದು ಚೂರು ನೆತ್ತಿ, ಈ ಮೂರೂ ಇರಬೇಕು. ಎಷ್ಟೇ ದಪ್ಪ ಗೆಡ್ಡೆಯಾದರೂ ಕಣ್ಣಿಲ್ಲದಿದ್ದರೆ ಮೊಳೆಯುವುದಿಲ್ಲ. ಕಣ್ಣು ಕಾಣದಿದ್ದರೆ ಗೊಂಚಲು ಹಾಗೇ ಇಟ್ಟು ಏಪ್ರಿಲ್‌ನಲ್ಲಿ ಕತ್ತರಿಸಿ, ಆಗ ಕಣ್ಣು ಕೆಂಪಗೆ ಉಬ್ಬಿರುತ್ತದೆ.

ಅಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಮರಳಿನೊಳಗೆ ಹೂತಿಡುತ್ತಿದ್ದಳು, ನಾನೂ ಮೊದಲ ವರ್ಷ ಮರಳೇ ತಂದೆ, ನೆಲಮಾಳಿಗೆಯ ಗೋಡೆಗೆ ತಾಗಿಸಿ ಪೆಟ್ಟಿಗೆ ಇಟ್ಟೆ. ಜನವರಿಯಲ್ಲಿ ಗೋಡೆ ಬದಿಯವೆಲ್ಲಾ ಹೆಪ್ಪುಗಟ್ಟಿ, ಮಾರ್ಚಿಗೆ ಲೋಳೆಯಾಗಿ ನಾರುತ್ತಿದ್ದವು. ಮಾರನೇ ವರ್ಷ ಹೆದರಿ ಬಾಯ್ಲರ್ ಹತ್ತಿರ ಇಟ್ಟೆ, ಒಣಗಿ ಕೊಬ್ಬರಿ ಚೂರಾದವು. ಈಗ ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜದ ಚೂರು ತುಂಬಿದ ಪ್ಲಾಸ್ಟಿಕ್ ಡಬ್ಬ, ಮುಚ್ಚಳ ಒಂದು ಬೆರಳು ತೆರೆದು, ಗೋಡೆಯಿಂದ ಒಂದು ಮೊಳ ದೂರ, 4ರಿಂದ 8 ಡಿಗ್ರಿ ಇರುವ ಕಡೆ. ಡಬ್ಬದ ಒಳಗೆ ಒಂದು ಅಗ್ಗದ ಥರ್ಮಾಮೀಟರ್.

ತಿಂಗಳಿಗೊಮ್ಮೆ ತೆಗೆದು ಕೈಯಾಡಿಸಿ. ಸುಕ್ಕಾಗಿದ್ದರೆ ನಾಲ್ಕು ಹನಿ ನೀರು ಚಿಮುಕಿಸಿ. ಬೂಷ್ಟು ಹಿಡಿದಿದ್ದರೆ ಆ ಭಾಗ ಕತ್ತರಿಸಿ, ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗೆಡ್ಡೆಯನ್ನು ಒಂದು ದಿನ ಆರಲು ಬಿಟ್ಟು ವಾಪಸ್ ಇಡಿ. ಪ್ರತಿ ಗೆಡ್ಡೆಯ ಮೇಲೂ ಮಾರ್ಕರ್‌ನಲ್ಲಿ ತಳಿಯ ಹೆಸರು ಬರೆಯಿರಿ, ಚೀಟಿ ಕಟ್ಟಿದರೆ ಬಿದ್ದುಹೋಗುತ್ತದೆ. ಕಳೆದ ವರ್ಷ ನನ್ನ ಒಂದು ಡಬ್ಬದ ಚೀಟಿಗಳೆಲ್ಲಾ ತಳ ಸೇರಿದ್ದವು. ಆ ಗೆಡ್ಡೆಗಳನ್ನೆಲ್ಲಾ ಒಂದೇ ಸಾಲಿಗೆ ನೆಟ್ಟೆ, ಆಗಸ್ಟ್‌ನಲ್ಲಿ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ 'ಅದೇ, ಮೂಲೆಯಲ್ಲಿರೋ ಬಿಳಿ ಅಂಚಿನ ಕೆಂಪು, ಅದನ್ನ ಗುರುತು ಮಾಡಿಟ್ಕೋ' ಅಂದಳು. ಗೂಟಕ್ಕೆ ಕೆಂಪು ದಾರ ಕಟ್ಟಿದ್ದೇನೆ.